ಅಂದಾನಪ್ಪ ಅಗಿದ ಸಾಕ್ಷಿ

ಖಾಕಿ ಪ್ಯಾಂಟುಗಳ ಜೇಬುಗಳನ್ನೆಲ್ಲ ಹೊರಗೆಳೆದು ಮೇಜಿನ ಮೇಲೆ ಹರಡಿದ್ದರಿಂದ, ವಕೀಲೆ ಮೇಧಾ ಹೆಗಡೆಯ ಶಿರಸಿಯ ಕಚೇರಿಯಲ್ಲಿ ನಾಯಿಗಳ ಹಿಂಡೊಂದು ನಾಲಿಗೆ ಚಾಚಿಕೊಂಡು ಮಲಗಿದ ಹಾಗಿತ್ತು.

ಮೇಧಾ ಕೊನೆಯ ಪ್ಯಾಂಟಿನ ಜೇಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಕನ್ನಡಕ ತೆಗೆದಿಟ್ಟಳು. ವಕೀಲರು ಕನ್ನಡಕ ತೆಗೆದಿಟ್ಟರೆ ಒಂದೋ ಊಟದ ಹೊತ್ತಾಗಿರುತ್ತದೆ, ಇಲ್ಲ ಕೇಸು ಹೋಗಿರುತ್ತದೆ.

"ಅಂದಾನಪ್ನೋರೆ, ಇದು ಎಲ್ಲಿಯದು?"

"ಯಲ್ಲಾಪುರದ್ದು ನೋಡ್ರಿ. ಕೆರಿಯಪ್ಪನ ಅಂಗಡಿದು."

ಊಟಕ್ಕೆ ಇನ್ನೂ ಹೊತ್ತಿತ್ತು.

ಸಂಗತಿ ಇಷ್ಟು: ಸಿದ್ದಾಪುರದ ದರ್ಜಿ ನೇತ್ರಾ ನಾಯ್ಕ, ಹರಿದ ಜೇಬು ರಿಪೇರಿ ಮಾಡುವ ತನ್ನದೊಂದು ವಿಧಾನಕ್ಕೆ ಪೇಟೆಂಟ್ ಕೇಳಿದ್ದಳು. ಹುಬ್ಬಳ್ಳಿಯ ರೆಡಿಮೇಡ್ ಕಂಪನಿಯೊಂದು, ಇದು ಯಾವ ದರ್ಜಿಗಾದರೂ ಹೊಳೆಯುವಂಥದ್ದು, ಎಲ್ಲರಿಗೂ ಹೊಳೆಯುವುದು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ತಕರಾರು ಹಾಕಿತ್ತು. ಪೇಟೆಂಟ್ ಕಾಯ್ದೆ ತಿದ್ದುಪಡಿಯಾದ ಮರುವರ್ಷ, ಅಂದರೆ ಎರಡು ಸಾವಿರದ ಆರನೇ ಇಸವಿ. ಪೇಟೆಂಟ್ ಎಂದರೆ ಅಮೆರಿಕದವರು ಬೇವಿಗೆ, ಅರಿಸಿನಕ್ಕೆ ಕೇಳುವಂಥದ್ದು ಎಂದು ಪೇಪರಿನಲ್ಲಿ ಓದಿಕೊಂಡಿದ್ದ ಶಿರಸಿಯವರಿಗೆ, ಅದು ತಮ್ಮ ಪ್ಯಾಂಟಿನೊಳಗೇ ಬಂದು ಕೂತದ್ದು ಸೋಜಿಗವಾಗಿತ್ತು.

ಈ ಸೀಮೆಯಲ್ಲಿ ಜೇಬು ಹರಿಯುವುದು ಹಣದ ಭಾರಕ್ಕಲ್ಲ, ಅಡಕತ್ತರಿಗೆ. ಪಂಚೆಯ ಕಾಲದಲ್ಲಿ ಎಲೆಯಡಿಕೆಯ ಕವಳಕ್ಕೆ ಸಂಚಿ ಬೇರೆಯೇ ಇರುತ್ತಿತ್ತು. ಗಂಡಸರು ಪ್ಯಾಂಟು ಹಾಕತೊಡಗಿದ ಮೇಲೆ ಅಡಕತ್ತರಿ, ಸುಣ್ಣದ ಡಬ್ಬಿ ಎಲ್ಲವೂ ಜೇಬಿಗೆ ಬಂದವು. ಕತ್ತರಿಯ ಮೂತಿ ಚುಚ್ಚಿದ್ದನ್ನು ಸುಣ್ಣ ಸುಟ್ಟು ಪೂರೈಸುತ್ತಿತ್ತು.

ನೇತ್ರಾ ಏನು ಮಾಡುತ್ತಿದ್ದಳೆಂದರೆ, ಜೇಬನ್ನು ಅದರ ಬಾಯಿಯ ಮೂಲಕವೇ ಹೊರಗೆಳೆದು, ಹರಿದ ತಳವನ್ನು ಕತ್ತರಿಸಿ ತೆಗೆದು, ಹೊಸ ತಳವನ್ನು ಟೋಪಿಯ ಹಾಗೆ ಹೊರಗಿನಿಂದ ತೊಡಿಸುತ್ತಿದ್ದಳು. ಮೇಲಿನ ಬಟ್ಟೆಯ ಅಂಚು ಕೆಳಗಿನದರ ಒಳಕ್ಕೆ ಇಳಿಬಿದ್ದಿರುತ್ತಿತ್ತು. ಮಾಡಿನ ಹೆಂಚಿನ ಮೇಲೆ ನೀರು ಜಾರಿದ ಹಾಗೆ ಕತ್ತರಿಯ ಮೂತಿ ಜಾರಿಹೋಗುತ್ತಿತ್ತೇ ಹೊರತು ಹೊಲಿಗೆಗೆ ಸಿಕ್ಕುತ್ತಿರಲಿಲ್ಲ. ತಳ ಮತ್ತೆ ಸವೆದರೆ ಅದನ್ನಷ್ಟೇ ಬಿಚ್ಚಿ ಬೇರೆ ತೊಡಿಸಬಹುದಾಗಿತ್ತು.

ಇದು ಯಾರಿಗಾದರೂ ಹೊಳೆಯುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದು ಮೇಧಾ ಒಂದೇ ನಮೂನೆಯ ತೂತು ಜೇಬಿನ ಪ್ಯಾಂಟುಗಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಊರಿನ ದರ್ಜಿಗಳಿಗೆ ಕೊಡಿಸಿದ್ದಳು. ಹಂಚಿ ಬಂದವನು ಅಂದಾನಪ್ಪ.

ಅಂದಾನಪ್ಪ ಹಾವೇರಿ ಕಡೆಯವನು, ಶಿರಸಿ ಕೋರ್ಟಿನ ನಿವೃತ್ತ ಅಮೀನ. ಸಮನ್ಸು ಜಾರಿ ಮಾಡುತ್ತಲೇ ತಲೆ ನರೆತವನು. ಅವನ ಕೈಯಿಂದ ಏನನ್ನಾದರೂ ತೆಗೆದುಕೊಂಡರೆ ಕೋರ್ಟಿನ ಮೆಟ್ಟಿಲು ಗ್ಯಾರಂಟಿ ಎಂಬುದು ಮೂರು ತಾಲೂಕಿನ ಜನಕ್ಕೆ ರಕ್ತಗತವಾಗಿತ್ತು. ಮಗಳ ಮದುವೆಯ ಕರೆಯೋಲೆ ಕೊಡಲು ಹೋದಾಗ ಇಸಳೂರಿನ ಯಜಮಾನರೊಬ್ಬರು ಬಾಗಿಲಲ್ಲೇ ನಿಂತು, ತಾವು ಮನೆಯಲ್ಲಿಲ್ಲ ಎಂದು ತಾವೇ ಹೇಳಿ ಕಳಿಸಿದ್ದರು. ಈ ಪ್ಯಾಂಟುಗಳನ್ನೂ ಒಬ್ಬ ದರ್ಜಿಯಾದರೂ ಕೈಯೊಡ್ಡಿ ತೆಗೆದುಕೊಂಡಿರಲಿಲ್ಲ. ಮೇಜಿನ ಮೇಲಿಟ್ಟು ಬಂದಿದ್ದ.

ಫಲಿತಾಂಶ ಚೆನ್ನಾಗಿಯೇ ಇತ್ತು. ಶಿರಸಿಯ ಒಬ್ಬ ತೂತನ್ನು ಹಾಗೇ ಒಟ್ಟುಮಾಡಿ ಹೊಲಿದಿದ್ದ. ಇನ್ನೊಂದೆರಡು ಸಲ ಹರಿದರೆ ಜೇಬು ಸೊಂಟಕ್ಕೇ ಬರುತ್ತಿತ್ತು. ಇನ್ನೊಬ್ಬ ತೇಪೆ ಹಾಕಿದ್ದ. ಸಿದ್ದಾಪುರದವನು ಸೊಂಟದ ಪಟ್ಟಿ ಬಿಚ್ಚಿ ಇಡೀ ಜೇಬನ್ನೇ ಬದಲಿಸಿದ್ದ. ಬನವಾಸಿ ರಸ್ತೆಯವನು, ಇಂಥ ಪ್ಯಾಂಟಿಗೆ ದಾರ ದಂಡ ಎಂದು ಬುದ್ಧಿ ಹೇಳಿ ಹಾಗೇ ವಾಪಸು ಕೊಟ್ಟಿದ್ದ. ನೇತ್ರಾಳ ದಾರಿ ಯಾರಿಗೂ ಹೊಳೆದಿರಲಿಲ್ಲ.

ಯಲ್ಲಾಪುರದ ಈ ಪ್ಯಾಂಟೊಂದು ಬಿಟ್ಟು. ಅದರ ಜೇಬಿನ ತಳಕ್ಕೆ ಟೋಪಿ ತೊಡಿಸಿತ್ತು. ಒಳಗೆ ಹೆಂಚಿನ ಹಾಗೆ ಅಂಚು ಇಳಿಬಿದ್ದಿತ್ತು. ಯಂತ್ರದ್ದಲ್ಲ, ಕೈಹೊಲಿಗೆ.

"ಸೋಮವಾರ ಚೆನ್ನೈಯ ಪೇಟೆಂಟ್ ಆಫೀಸಲ್ಲಿ ವಿಚಾರಣೆ," ಎಂದಳು ಮೇಧಾ. "ಇದನ್ನೂ ಸೇರಿಸಿಯೇ ಕೊಡ್ಬೇಕು."

"ಇದೊಂದು ಬಿಟ್ರ?"

"ಬಿಟ್ರೆ ನಾನು ವಕೀಲೆ ಅಲ್ಲ ಅಂದಾನಪ್ನೋರೆ, ಜೇಬುಗಳ್ಳಿ."

ಅಂದಾನಪ್ಪ ತಲೆ ಕೆರೆದುಕೊಂಡ. ಕಂಪನಿಯ ಪರವಾಗಿ ಒಬ್ಬ ಕಟಿಂಗ್ ಮಾಸ್ಟರ್ ಪ್ರಮಾಣಪತ್ರ ಕೊಟ್ಟಿದ್ದ. ಸಾಮಾನ್ಯ ದರ್ಜಿಯೊಬ್ಬ ಅರ್ಧ ಗಂಟೆ ಕೂತು ಯೋಚಿಸಿದರೆ ಇದು ತಾನಾಗಿಯೇ ಹೊಳೆಯುತ್ತದೆ ಎಂದು ಅದರಲ್ಲಿತ್ತು. ಕೆಳಗೆ ಹೆಸರು: ವಿ. ಜಿ. ಹೆಗಡೆ, ಹುಬ್ಬಳ್ಳಿ. ಶಿರಸಿಯಲ್ಲಿ ಕೂತು ನೋಡುವವರಿಗೆ ಹೆಗಡೆ ಎನ್ನುವುದು ಸುಳಿವಲ್ಲ, ಎಲ್ಲೆಲ್ಲೂ ಇರುವ ಹವಾಮಾನ. ಆ ಪತ್ರವನ್ನು ಓದಿದ ದಿನ ನೇತ್ರಾ ಒಂದೇ ಮಾತು ಕೇಳಿದ್ದಳು: ಈ ಮನುಷ್ಯ ಸುಳ್ಳುಗಾರ ಅಂತ ಎಲ್ಲರೆದುರು ಹೇಳಲೇಬೇಕಾಗುತ್ತದಾ? ಹೇಳುವುದಷ್ಟೇ ಅಲ್ಲ, ಸಾಬೀತು ಮಾಡಬೇಕು, ಸುಳ್ಳು ಪ್ರಮಾಣಕ್ಕೆ ಜೈಲೂ ಉಂಟು ಎಂದು ಮೇಧಾ ಹುರುಪಿನಿಂದಲೇ ಹೇಳಿದ್ದಳು. ಅಂದಿನಿಂದ ನೇತ್ರಾಳ ಮಾತು ಕಡಿಮೆಯಾಗಿತ್ತು.

ಈಗ ಅವಳೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಮೂವತ್ತೈದು ದಾಟಿದ ಹೆಂಗಸು. ಕತ್ತರಿಗಿಂತ ಮೃದುವಾದದ್ದನ್ನು ಯಾವುದನ್ನೂ ನಂಬದವಳ ಹಾಗೆ ನೆಟ್ಟಗೆ ನಡೆಯುವವಳು.

ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಅಂದಾನಪ್ಪ ಬೇರೆ ಮಾತು ತೆಗೆದ. ಕೆರಿಯಪ್ಪನ ಅಂಗಡಿಯಿಂದ ಪ್ಯಾಂಟು ತೆಗೆದುಕೊಂಡು ಬಸ್ಸಿನಲ್ಲಿ ಬರುವಾಗ ಅದರ ಜೇಬಿನಲ್ಲಿ ಒಂದು ಅಡಿಕೆ ಸಿಕ್ಕಿತಂತೆ. ತನ್ನದೇ ಇರಬೇಕೆಂದು ಕತ್ತರಿಸಿ, ಎಲೆಗೆ ಸುಣ್ಣ ಸವರಿ, ಮಂಚಿಕೇರಿ ದಾಟುವುದರೊಳಗೆ ಅಗಿದು ಮುಗಿಸಿದನಂತೆ. ಚೊಲೋ ಅಡಿಕೆಯಂತೆ.

ನೇತ್ರಾ ನಿಂತಲ್ಲೇ ನಿಂತಳು. ಆಮೇಲೆ ಮೇಜಿನ ಹತ್ತಿರ ಬಂದು ಆ ಪ್ಯಾಂಟನ್ನು ಎತ್ತಿಕೊಂಡಳು. ಅವಳ ಹೆಬ್ಬೆರಳು ನೇರವಾಗಿ ಜೇಬಿನ ಮೂಲೆಗೆ ಹೋಯಿತು, ಪರಿಚಿತರ ಮನೆಯ ಚಿಲಕಕ್ಕೆ ಕೈ ಹೋದ ಹಾಗೆ.

"ಅರ್ಜಿ ವಾಪಸ್ ತಗಂಡು ಬಿಡುವ ಮೇಡಂ," ಎಂದಳು.

ಮೇಧಾ ಕನ್ನಡಕ ಹಾಕಿಕೊಂಡಳು. ಈಗ ವಾಪಸು ತೆಗೆದುಕೊಂಡರೆ ಅದೇ ಜೇಬನ್ನು ಆ ಕಂಪನಿ ತನ್ನ ಲೇಬಲ್ಲು ಹಚ್ಚಿ ಮಾರುತ್ತದೆ, ಇದು ನಾನು ಕಂಡುಕೊಂಡದ್ದು ಎಂದು ಹೇಳುವ ಬಾಯಿ ನಿನಗೆ ಮತ್ತೆಂದೂ ಇರುವುದಿಲ್ಲ ಎಂದಳು. ನೇತ್ರಾಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದವರ ಹಾಗೆಯೇ ತಲೆಯಾಡಿಸಿ, ಕಾರಣ ಹೇಳದೆ, ಸಿದ್ದಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಅವಳ ಹೆಜ್ಜೆ ಮೆಟ್ಟಿಲಿಳಿಯುವವರೆಗೆ ಕಾದು ಅಂದಾನಪ್ಪ ಬಾಯಿ ತೆರೆದ.

"ಮೇಡಮ್ಮಾರ, ನಾ ತಿಂದದ್ದು ನನ್ನ ಅಡಿಕಿ ಅಲ್ರಿ."

"ಮತ್ತೆ?"

"ಸಾಕ್ಷಿ ತಿಂದೆ."

ಹೋದ ವರ್ಷ ನೇತ್ರಾ ಅವನದೇ ಪ್ಯಾಂಟಿನ ಜೇಬು ರಿಪೇರಿ ಮಾಡಿ ಕೊಟ್ಟಾಗಲೂ ಒಳಗೊಂದು ಅಡಿಕೆ ಇತ್ತು. ರಿಪೇರಿಯಾದ ಜೇಬನ್ನು ಬರಿದಾಗಿ ಕೊಡಬಾರದೆಂದು ಸಿದ್ದಾಪುರದ ಹೊಲಿಗೆ ಕ್ಲಾಸಿನ ದೇವಕಿ ಟೀಚರ್ ಹುಡುಗಿಯರಿಗೆ ಕಲಿಸಿದ್ದರಂತೆ. ಯಲ್ಲಾಪುರದ ಆ ಕೈಯೂ ಅದೇ ಕ್ಲಾಸಿನಲ್ಲಿ ಕೂತದ್ದು. ಮೂಲೆ ಮುಟ್ಟುತ್ತಲೇ ನೇತ್ರಾಳಿಗೆ ಅದು ಯಾರ ಕೈ ಎಂದು ತಿಳಿದಿದೆ.

"ಹಾಗಿದ್ರೆ ಇದು ಯಾರಿಗೋ ತಾನಾಗಿ ಹೊಳೆದದ್ದಲ್ಲ," ಎಂದಳು ಮೇಧಾ ನಿಧಾನವಾಗಿ. "ಕಲಿತದ್ದು. ಇವಳಿಂದ ಅವಳು."

"ಇಲ್ಲಾ ಅವಳಿಂದ ಇವಳು," ಎಂದ ಅಂದಾನಪ್ಪ. ಅಮೀನರಿಗೆ ಇಂಥ ಮಾತು ತಡೆದುಕೊಳ್ಳುವುದು ಕಷ್ಟ.

*

ಶನಿವಾರ ಯಲ್ಲಾಪುರದಲ್ಲಿ ಅವನನ್ನು ಕಂಡ ಕೂಡಲೇ ಕೆರಿಯಪ್ಪ ಅಳತೆ ತೆಗೆಯುವ ಪರದೆಯ ಹಿಂದೆ ಹೋಗಿ ನಿಂತ. ಪರದೆಯ ಕೆಳಗೆ ಕಾಲು ಕಾಣುತ್ತಿತ್ತು. ಅಂದಾನಪ್ಪ ಕಾಲುಗಳನ್ನೇ ಮಾತಾಡಿಸಿದ. ಕಾಲುಗಳು ಹೇಳಿದ್ದಿಷ್ಟು: ಜೇಬಿನ ಕೆಲಸವೆಂದರೆ ತಲೆಬೇನೆ, ಅದನ್ನೆಲ್ಲ ಹಿಂದಿನ ಗಲ್ಲಿಯ ನೀಲಾ ಎನ್ನುವವರಿಗೆ ಕಳಿಸುವುದು, ಅವರು ಸಿದ್ದಾಪುರ ಕಡೆಯ ಹೆಗಡೇರ ಮನೆಯವರು, ತನಗೆ ಬೇರೇನೂ ಗೊತ್ತಿಲ್ಲ, ತಾನು ಅಂಗಡಿಯಲ್ಲಿಲ್ಲ.

ನೀಲಾ ಜಗುಲಿಯಲ್ಲಿ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಹೊಲಿಗೆ ಇಟ್ಟುಕೊಂಡವಳು. ಬಂದವನು ಯಾರೆಂದು ಕೇಳುವ ಮೊದಲೇ ಬನ್ನಿ, ಕೂತ್ಕಳಿ, ಆಸರಿಗೆ ಎಂತ ಬೇಕು ಎಂದು ಒಳಗೆ ಹೋಗಿ ಮುರುಗಲ ಪಾನಕ ತಂದಳು. ಅಂದಾನಪ್ಪ ಕುಡಿದು, ಲೋಟ ಕೆಳಗಿಟ್ಟು, ಚೀಲದಿಂದ ಪ್ಯಾಂಟು ತೆಗೆದು ಚಾಪೆಯ ಮೇಲಿಟ್ಟ.

"ಇದರಾಗ ಅಡಿಕಿ ಇಟ್ಟಾಕಿ ನೀವೇನ್ರಿ ತಾಯಿ?"

ಅವಳು ನಕ್ಕಳು. "ಸಿಕ್ತಾ?"

"ಸಿಕ್ತು. ತಿಂದೆ."

"ಒಳ್ಳೇದೇ ಆಯ್ತು. ತಿನ್ನಲಿ ಅಂತಲೇ ಇಡೋದು."

ದೇವಕಿ ಟೀಚರ್ ಹೆಸರಿಗೆ ಅವಳ ಮುಖ ಇನ್ನಷ್ಟು ಅರಳಿತು. ಈ ತಳ ತೊಡಿಸುವ ಪಾಠವೂ ಅವರದೇ ಇರಬೇಕು ಎಂದು ಅಂದಾನಪ್ಪ ಸಹಜವಾಗಿ ಕೇಳಿದ. ಹೌದು, ಕ್ಲಾಸಲ್ಲೇ ಕಲಿತದ್ದು ಎಂದಳು. ಸಿದ್ದಾಪುರದಲ್ಲಿ ಅದೇ ಕ್ಲಾಸಿನ ಬೇರೆ ಹೆಂಗಸರನ್ನೂ ವಿಚಾರಿಸಿದೆ, ಅಡಿಕೆ ಎಲ್ಲರೂ ಇಡುತ್ತಾರೆ, ಟೋಪಿ ಒಬ್ಬರೂ ತೊಡಿಸುವುದಿಲ್ಲ ಎಂದ ಇವನು. ನೀಲಾ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಆಗಲೇ ಪೋಣಿಸಿಯಾಗಿತ್ತು.

"ನೇತ್ರಾ ನಿಮ್ಮ ಗೆಳತಿ ಏನ್ರಿ?"

"ಒಂದೇ ಬೆಂಚಿನವ್ರು." ಅವಳು ಬೀದಿಯ ಕಡೆ ನೋಡಿದಳು. "ನಿಮ್ಗೆ ಬಸ್ಸಿಗೆ ಹೊತ್ತಾಗ್ಲಿಲ್ವಾ?"

ಅಂದಾನಪ್ಪನಿಗೆ ಆಗ ತಿಳಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಒಳಗಿನಿಂದ ಅಪ್ಪೆಹುಳಿಯ ಒಗ್ಗರಣೆ, ಹಪ್ಪಳ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಅವನ ನೌಕರಿಯಲ್ಲಿ ಮನೆ ಜಪ್ತಿಗೆ ಹೋದಾಗಲೂ ಈ ಜನ ಊಟ ಮಾಡಿಕೊಂಡೇ ಜಪ್ತಿ ಮಾಡಿ ಎಂದು ಎಲೆ ಹಾಕಿದ್ದುಂಟು. ಬಾಗಿಲಿಗೆ ಬಂದವನನ್ನು ನಡುಮಧ್ಯಾಹ್ನ ಊಟಕ್ಕೇಳಿಸದೆ ಬಸ್ಸಿಗೆ ಅಟ್ಟುವ ಹೆಗಡೇರ ಮನೆಯನ್ನು ಅವನು ಇದೇ ಮೊದಲು ನೋಡಿದ್ದು. ಹಾಗಾದರೆ ಊಟಕ್ಕೆ ಬೇರೆ ಯಾರೋ ಬರುವವರಿದ್ದಾರೆ, ಮತ್ತು ಅವರು ತನ್ನ ಕಣ್ಣಿಗೆ ಬೀಳಬಾರದು.

ಅವನು ಗೋಡೆಗೆ ಒರಗಿ ಕಾಲು ಮಡಚಿ ಕೂತ.

"ಇರಲಿ ಬಿಡ್ರಿ. ಬಸ್ಸು ಭಾಳ ಅದಾವು."

ನೀಲಾ ಏನೋ ಹೇಳುವುದರೊಳಗೆ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ನಲವತ್ತರ ಆಸುಪಾಸಿನ ಗಂಡಸು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಬಾಯಿತುಂಬ ಕವಳ. ಕೊರಳಲ್ಲಿ ಅಳತೆಯ ಟೇಪು. ತೆಗೆದಿಡಲು ಮರೆತು ಹುಬ್ಬಳ್ಳಿಯಿಂದ ಯಲ್ಲಾಪುರದವರೆಗೂ ಹಾಗೇ ಬಂದಿದ್ದ.

"ಅಣ್ಣಾ, ಎಂತದೂ ಮಾತಾಡಡ. ಮೊದ್ಲು ಒಳಗೆ ಬಾ," ಎಂದಳು ನೀಲಾ.

ಅಣ್ಣನ ಬಾಯಿಯ ಸ್ಥಿತಿ ನೋಡಿದರೆ ಆ ಎಚ್ಚರಿಕೆ ಅನವಶ್ಯಕವಾಗಿತ್ತು.

"ವಿ. ಜಿ. ಹೆಗಡೆಯವರು," ಎಂದ ಅಂದಾನಪ್ಪ. ಕೇಳಲಿಲ್ಲ, ಹೇಳಿದ.

ಅವನು ಮುಖ ಮೇಲಕ್ಕೆತ್ತಿ, ಒಂದು ಕೈ ಅಡ್ಡ ಹಿಡಿದು ಒಂದು ನಿಮಿಷ ಎಂದು ಸನ್ನೆ ಮಾಡಿ, ದಾಸವಾಳದ ಬುಡಕ್ಕೆ ಹೋಗಿ ಉಗುಳಿ, ತೊಟ್ಟಿಯ ನೀರಲ್ಲಿ ಬಾಯಿ ಮುಕ್ಕಳಿಸಿ ಬಂದ. ಪತ್ತೇದಾರಿಕೆಯಲ್ಲಿ ಆರೋಪಿಗೆ ಯೋಚಿಸಲು ಇಷ್ಟು ಸಮಯ ಕೊಡಬಾರದೆಂದು ಅಂದಾನಪ್ಪನಿಗೂ ಅನಿಸಿತು. ಆದರೆ ಕವಳ ಹಾಕಿದವನಿಗೆ ಕೋರ್ಟೂ ಅಷ್ಟು ರಿಯಾಯಿತಿ ಕೊಡುತ್ತದೆ.

"ವಿಘ್ನೇಶ್ವರ ಹೆಗಡೆ," ಎಂದ ಅವನು. "ನೀವು?"

ಅಂದಾನಪ್ಪ ಎದ್ದು, ತಾನು ಯಾರು, ಯಾರ ಪರ ಎಂದು ಹೇಳಿ, ಪ್ಯಾಂಟನ್ನು ಅಭ್ಯಾಸಬಲದಿಂದ ಮುಂದಕ್ಕೆ ಚಾಚಿದ. ಅವನು ಹಿಂದೆ ಸರಿಯುತ್ತಾನೆ ಎಂದುಕೊಂಡಿದ್ದ.

ವಿಘ್ನೇಶ್ವರ ಎರಡೂ ಕೈಯೊಡ್ಡಿ ತೆಗೆದುಕೊಂಡ.

ಅಂದಾನಪ್ಪನ ಕೈ ಗಳಿಗೆಯ ಮಟ್ಟಿಗೆ ಗಾಳಿಯಲ್ಲೇ ಉಳಿಯಿತು. ಇಂಥದ್ದರ ರೂಢಿ ಅದಕ್ಕಿರಲಿಲ್ಲ.

ವಿಘ್ನೇಶ್ವರ ಜೇಬನ್ನು ಹೊರಗೆಳೆದ. ಅವನ ಹೆಬ್ಬೆರಳೂ ನೇರ ಮೂಲೆಗೇ ಹೋಯಿತು. ನೇತ್ರಾಳದು ಹೋದ ಹಾಗೆಯೇ.

"ನೀಲಾನ ಹೊಲಿಗೆ. ಅಡಿಕೆ ಎಲ್ಲಿ?"

ಅಡಿಕೆಯ ಗತಿಯನ್ನು ಅಂದಾನಪ್ಪ ಮೂರನೆಯ ಸಲ ಒಪ್ಪಿಕೊಂಡ. ಆಮೇಲೆ ಕೇಳಿದ: "ಸಾಮಾನ್ಯ ದರ್ಜಿಗೆ ಅರ್ಧ ತಾಸಿನಾಗ ಹೊಳೀತೈತಿ ಅಂತ ಬರದ್ರಲ್ರಿ. ನಿಮಗ ಎಷ್ಟು ಹೊತ್ತು ಹಿಡೀತು?"

ವಿಘ್ನೇಶ್ವರ ಪ್ಯಾಂಟನ್ನು ಮಡಿಚಿದ. ಬಿಚ್ಚಿದ. ಮತ್ತೆ ಮಡಿಚಿದ.

"ಎರಡು ಮಳೆಗಾಲ," ಎಂದ.

ಇಡೀ ಕೇಸು ಆ ಎರಡು ಮಾತಿನಲ್ಲಿತ್ತು. ಮೇಧಾ ಇದ್ದಿದ್ದರೆ ಬರೆದುಕೊಂಡು ಸಹಿ ಹಾಕಿಸುತ್ತಿದ್ದಳು. ಅಂದಾನಪ್ಪ ಸುಮ್ಮನೆ ಕೂತ. ಕೇಳಿದರೆ ಮುಚ್ಚಿಕೊಳ್ಳುವ ಬಾಗಿಲು, ಸುಮ್ಮನೆ ಕೂತರೆ ತೆರೆಯುತ್ತದೆ ಎಂಬುದನ್ನು ಅವನು ಸಾವಿರ ಜಗುಲಿಗಳಲ್ಲಿ ಕಲಿತಿದ್ದ.

ವಿಘ್ನೇಶ್ವರ ಹೇಳಿದ್ದು ಇಷ್ಟು: ಸಿದ್ದಾಪುರದಲ್ಲಿ ಅವನ ತಂದೆ ಹೆಗಡೆಯವರದ್ದು ಬಟ್ಟೆ ಅಂಗಡಿ. ಹೊಲಿಗೆ ಕ್ಲಾಸು ಪಕ್ಕದ್ದೇ. ಮಗನಿಗೆ ಕಟ್ ಪೀಸ್ ಅಳೆಯುವ ಕೆಲಸ, ತಂಗಿ ಕ್ಲಾಸಿನಲ್ಲಿ, ತಂಗಿಯ ಬೆಂಚಿನ ಆಚೆ ತುದಿಯಲ್ಲಿ ನೇತ್ರಾ. ಅವನ ಜೇಬು ಮೊದಲ ಸಲ ಹರಿದದ್ದು ನಿಜವಾಗಿಯೂ ಅಡಕತ್ತರಿಯಿಂದ. ಆಮೇಲಿನ ಹರುಕುಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳುವಂತಿಲ್ಲ. ಬೇಗ ಹರಿಯಲಿ ಎಂದು ಅಡಕತ್ತರಿಯ ಮೂತಿಗೆ ಸಾಣೆ ಹಿಡಿಸಿದ್ದೂ ಉಂಟು. ಅವಳು ಹೊಲಿಯುವಳು, ಇವನು ಹರಿದುಕೊಂಡು ಬರುವನು. ಇದು ಹೀಗಲ್ಲ ಎಂದು ಅವಳು, ಹಾಗಾದರೆ ಹೇಗೆ ಎಂದು ಇವನು. ತಳವನ್ನು ಒಳಗಿಂದ ಕೊಟ್ಟು ನೋಡಿದರು, ಮೂತಿ ಹೊಲಿಗೆಗೆ ಸಿಕ್ಕಿತು. ಜೋಡಿ ಬಟ್ಟೆ ಹಾಕಿದರು, ಜೇಬು ಗಟ್ಟಿಯಾಯಿತು, ಕೈ ಹೋಗಲಿಲ್ಲ. ಎರಡನೆಯ ವರ್ಷ ಮಳೆಗೆ ಮೊದಲು ಅಂಗಡಿಯ ಮಾಡಿನ ಹೆಂಚುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಕೈಯಾಡಿಸುತ್ತಿದ್ದಾಗ ಇಬ್ಬರೂ ಕೆಳಗೆ ನಿಂತು ಮೇಲೆ ನೋಡುತ್ತಿದ್ದರಂತೆ. ಯಾರು ಮೊದಲು ಹೇಳಿದ್ದು ಎಂದು ಅಂದಾನಪ್ಪ ಕೇಳಿದ.

"ಇಬ್ಬರೂ ಹೇಳ್ಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದ್ವಿ. ಅವಳು ಒಳಗೆ ಹೋಗಿ ಹೊಲಿದ್ಲು."

ಆಮೇಲೆ ಎರಡೂ ಮನೆಯವರಿಗೆ ವಿಷಯ ತಿಳಿಯಿತು. ಹೆಗಡೆಯವರ ಮಗನನ್ನು ಹುಬ್ಬಳ್ಳಿಯ ಗಾರ್ಮೆಂಟಿಗೆ ಕಳಿಸಿದರು. ನಾಯ್ಕರ ಮಗಳು ಊರಲ್ಲೇ ಉಳಿದು ಅಂಗಡಿ ಹಾಕಿದಳು. ಯಾರೂ ಕೂಗಾಡಲಿಲ್ಲ. ಕೂಗಾಡದೇ ಇದ್ದದ್ದಕ್ಕೋ ಏನೋ, ವಿಷಯ ಮುಗಿಯಲೂ ಇಲ್ಲ.

"ಮತ್ತ ಸುಳ್ಳು ಯಾಕ ಬರದ್ರಿ?"

ಕಾರ್ಖಾನೆಯಲ್ಲಿ ಅವನು ತನ್ನ ಜೇಬನ್ನು ತಾನೇ ಹೊಲಿದುಕೊಳ್ಳುವುದನ್ನು ಮಾಲೀಕರು ನೋಡಿದ್ದರು. ಎಲ್ಲಿ ಕಲಿತೆ ಎಂದು ಕೇಳಿದ್ದರು. ನೇತ್ರಾಳ ಹೆಸರು ಹೇಳಿದರೆ, ಯಾವ ನೇತ್ರಾ, ಎಲ್ಲಿ, ಯಾವಾಗ, ಯಾಕೆ ಎಂದು ಬೆಳೆಯುತ್ತಿತ್ತು. ನಮ್ಮ ಕಡೆ ಎಲ್ಲರಿಗೂ ಗೊತ್ತು ಎಂದುಬಿಟ್ಟ. ಅವಳ ಅರ್ಜಿ ಬಂದ ಮೇಲೆ ಅದೇ ಮಾತನ್ನು ಪ್ರಮಾಣ ಮಾಡಿ ಬರೆದುಕೊಡು ಎಂದರು.

"ಎಲ್ಲರಿಗೂ ಹೊಳೆಯೋದು ಅಂದ್ರೆ ಯಾರೂ ಯಾರಿಂದಲೂ ಕದ್ದಿದ್ದಲ್ಲ. ಜೊತೆಗೆ ಯಾರು ಕೂತಿದ್ರು ಅಂತ ಅವಳನ್ನ ಯಾರೂ ಕೇಳೋದಿಲ್ಲ. ಅವಳು ಅದೇ ಊರಲ್ಲಿ ಬಾಳ್ಬೇಕಲ್ಲ."

"ಆಕಿನೂ ಸುಳ್ಳು ಬರದಾಳ್ರಿ," ಎಂದ ಅಂದಾನಪ್ಪ ಮೆಲ್ಲಗೆ. "ಕಂಡುಹಿಡಿದವರು ಯಾರು ಅನ್ನೋ ಕಡೆ ತನ್ನೊಬ್ಬಾಕಿ ಹೆಸರು ಹಾಕ್ಯಾಳ. ಕಾಯ್ದೆ ಇಬ್ಬರದೂ ಕೇಳತೈತಿ."

ವಿಘ್ನೇಶ್ವರ ಅವನನ್ನೇ ನೋಡಿದ. ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ನೀಲಾ.

"ಅಣ್ಣಾ, ನಿನ್ನ ಹೆಸ್ರು ತನ್ನ ಹೆಸ್ರಿನ ಬದಿಗೆ ಬರೆದ್ರೆ ಊರವಕ್ಕೆ ಅದು ಲಗ್ನಪತ್ರಿಕೆ ಕಂಡಾಂಗೆ ಕಾಣ್ತು. ಅದ್ಕೆ ಬರೆದಿದ್ದಿಲ್ಲೆ."

ಅಂದಾನಪ್ಪ ಆಯುಷ್ಯವಿಡೀ ಹಂಚಿದ ಕಾಗದಗಳಲ್ಲಿ ಎರಡು ಹೆಸರುಗಳ ನಡುವೆ ಇರುತ್ತಿದ್ದ ಮಾತು ಒಂದೇ: ವಿರುದ್ಧ. ಈ ಕೇಸಿನಲ್ಲೂ ಹಾಗೆಯೇ ಇತ್ತು. ಒಬ್ಬರನ್ನೊಬ್ಬರು ಉಳಿಸಲು ಇಬ್ಬರು ಎರಡು ಸುಳ್ಳು ಬರೆದಿದ್ದರು, ಎರಡೂ ಸೋಮವಾರ ಚೆನ್ನೈಯಲ್ಲಿ ಎದುರುಬದುರು ಕೂರಲಿದ್ದವು.

ಆಗ ಅವನ ಮೊಬೈಲು ಕೂಗಿತು.

ಮೇಧಾ. ನೇತ್ರಾ ಬೆಳಿಗ್ಗೆಯೇ ಅಂಗಡಿಗೆ ಬಾಗಿಲು ಹಾಕಿ ಹೊರಟಿದ್ದಾಳೆ. ಅರ್ಜಿ ವಾಪಸು ಪಡೆಯುವ ಪತ್ರಕ್ಕೆ ಸಹಿ ಹಾಕಿ ಹುಬ್ಬಳ್ಳಿಯ ಕಂಪನಿಯವರ ಕೈಗೇ ಕೊಟ್ಟು ಬರುತ್ತೇನೆ ಎಂದು ಶಿರಸಿ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿದ್ದಳು. ಒಮ್ಮೆ ಕೊಟ್ಟರೆ ಮುಗಿಯಿತು. ಬಸ್ಸು ಯಲ್ಲಾಪುರದ ಮೇಲೆಯೇ ಹೋಗುತ್ತದೆ, ಇನ್ನೇನು ಬರಬೇಕು. ನೀವು ಅಲ್ಲೇ ಇದ್ದೀರಲ್ಲ, ಹೇಗಾದರೂ ಇಳಿಸಿಕೊಳ್ಳಿ.

ಮೇಧಾಳ ದನಿಗೆ ಸ್ಪೀಕರ್ ಬೇಕಾಗಿರಲಿಲ್ಲ. ಜಗುಲಿಗೆಲ್ಲ ಕೇಳಿತ್ತು.

ವಿಘ್ನೇಶ್ವರ ಎದ್ದು ಚಪ್ಪಲಿ ಮೆಟ್ಟಿದ. ಪ್ಯಾಂಟು ಅವನ ಕೈಯಲ್ಲೇ ಇತ್ತು.

"ಆನು ಹೋಗ್ತೆ. ಊಟಕ್ಕೆ ಕಾಯಡ."

"ತಡಿ." ನೀಲಾ ಒಳಗೆ ಓಡಿ ಒಂದು ಅಡಿಕೆ ತಂದು ಆ ಖಾಕಿ ಜೇಬಿಗೆ ಹಾಕಿದಳು. "ಬರಿ ಜೇಬು ಕೊಡ್ಲಾಗ."

*

ಬಸ್ಸು ಆಗಲೇ ಬಂದು ನಿಂತಿತ್ತು. ಕಂಡಕ್ಟರ್ ಕಂಟ್ರೋಲ್ ರೂಮಿನ ಕಡೆ ಹೋಗಿದ್ದ. ಹಿಂದಿನ ಚಕ್ರದ ಮೇಲಿನ ಕಿಟಕಿಯಲ್ಲಿ ನೇತ್ರಾ, ತೊಡೆಯ ಮೇಲೆ ಬಟ್ಟೆಯ ಕೈಚೀಲ. ಅಂದಾನಪ್ಪ ಸೌತೆಕಾಯಿ ಮಾರುವವಳ ಪಕ್ಕದಲ್ಲೇ ನಿಂತ. ಸಮನ್ಸು ಜಾರಿಯಾಗುವಾಗ ಅಮೀನನಿಗಿಂತ ಮುಂದೆ ಹೋಗುವವರನ್ನು ಅವನು ಇಂದೇ ನೋಡುತ್ತಿದ್ದದ್ದು.

ವಿಘ್ನೇಶ್ವರ ಕಿಟಕಿಯ ಕೆಳಗೆ ಹೋಗಿ ನಿಂತ. ಇಷ್ಟು ವರ್ಷಗಳ ಮೇಲೆ ಏನು ಹೇಳುತ್ತಾನೆಂದು ಅಂದಾನಪ್ಪ ಕಿವಿ ನಿಮಿರಿಸಿದ. ವಿಘ್ನೇಶ್ವರ ಪ್ಯಾಂಟನ್ನು ಕಿಟಕಿಗೆ ಎತ್ತಿ ಕೊಟ್ಟ.

ಅವಳು ತೆಗೆದುಕೊಂಡಳು. ಜೇಬಿಗೆ ಕೈ ಹಾಕಿದಳು. ಕೈ ಅಲ್ಲೇ ಇತ್ತು, ಬಹಳ ಹೊತ್ತು.

"ನೀಲಾ ಕೈ," ಎಂದಳು.

"ಹೌದು. ಅವಳಿಗೆ ಗೊತ್ತಿರೋದು ಇದೊಂದೇ ನಮೂನೆ."

"ಅರ್ಧ ಗಂಟೆ ಅಂತ ಬರ್ದಿದ್ದೆ ನೀನು."

ಅವನು ಕೊರಳಿನ ಟೇಪನ್ನು ತೆಗೆದು ಸುತ್ತತೊಡಗಿದ. ಅದು ಕೊರಳಲ್ಲಿದೆ ಎಂದು ಅವನಿಗೆ ನೆನಪಾದದ್ದು ಆಗಲೇ ಇರಬೇಕು.

"ಸೋಮವಾರ ನೀ ನಿಜ ಹೇಳಿದ್ರೆ ನಿಂಗೆ ಜೈಲು," ಎಂದಳು ನೇತ್ರಾ, ಬಟ್ಟೆಯ ಲೆಕ್ಕ ಹೇಳುವಷ್ಟೇ ಸಮಾಧಾನದಲ್ಲಿ. "ನಾ ಹೇಳಿದ್ರೆ ನನ್ನ ಅರ್ಜಿ ಸುಳ್ಳು. ಈ ಕಾಗದ ಕೊಟ್ರೆ ಇಬ್ರಿಗೂ ಎಂತದೂ ಇಲ್ಲ."

"ಜೇಬು?"

"ಜೇಬು ಅವ್ರದ್ದು."

ಕಂಡಕ್ಟರ್ ಬಂದು ಬಾಗಿಲು ಬಡಿದ. ಸೀಟಿ ಊದಿದ. ಬಸ್ಸು ಅಲುಗಿತು. ವಿಘ್ನೇಶ್ವರ ಎರಡು ಹೆಜ್ಜೆ ಅದರ ಜೊತೆ ನಡೆದ, ಮೂರನೆಯದಕ್ಕೆ ಓಡಿದ. ಈಗಷ್ಟೇ ಹುಬ್ಬಳ್ಳಿಯಿಂದ ಬಂದಿಳಿದ ಮನುಷ್ಯ ಊಟ ಬಿಟ್ಟು ಹುಬ್ಬಳ್ಳಿಯ ಬಸ್ಸನ್ನೇ ಹತ್ತಿದ.

ಅಂದಾನಪ್ಪನ ಮುಖದಲ್ಲಿ ನಗು ಮೂಡಿತು. ಅದು ಪೂರ್ತಿ ಮೂಡುವುದರೊಳಗೆ ಮೊಬೈಲು ಮತ್ತೆ ಕೂಗಿತು. ಮೇಧಾ ಎರಡೇ ಪ್ರಶ್ನೆ ಕೇಳಿದಳು. ನೇತ್ರಾ ಇಳಿದಳಾ? ಪ್ಯಾಂಟು ಭದ್ರ ಇದೆಯಲ್ಲ?

ಅವನು ತನ್ನ ಕೈಗಳನ್ನು ನೋಡಿಕೊಂಡ. ಎರಡೂ ಬರಿದಾಗಿದ್ದವು. ಅಡಿಕೆಯನ್ನು ಅಗಿದಾಗಿತ್ತು, ಉಳಿದಿದ್ದ ಸಾಕ್ಷಿಯನ್ನು ತಾನೇ ಕೈಯಾರೆ ಕೊಟ್ಟಿದ್ದ. ಜೀವಮಾನದಲ್ಲಿ ಅವನ ಕೈಯಿಂದ ಪ್ರೀತಿಯಿಂದ ಏನನ್ನಾದರೂ ತೆಗೆದುಕೊಂಡವನು ಒಬ್ಬನೇ, ಅವನು ಕೇಸನ್ನೇ ತೆಗೆದುಕೊಂಡು ಎದುರುಪಕ್ಷದ ಊರಿಗೆ ಹೋಗುತ್ತಿದ್ದ.

ಬಸ್ಸು ಸ್ಟ್ಯಾಂಡಿನಿಂದ ಹೊರಗೆ ತಿರುಗಿತು. ಹಿಂದಿನ ಗಾಜಿನಲ್ಲಿ ಎರಡು ತಲೆಗಳು ಒಂದೇ ಕಾಗದದ ಮೇಲೆ ಬಾಗಿದ್ದು ಕಾಣಿಸಿತು. ಕಾಗದವನ್ನು ಹರಿಯುತ್ತಿದ್ದಾರೋ, ಅದರಲ್ಲಿ ಅವಳ ಹೆಸರಿನ ಬದಿಗೆ ಇನ್ನೊಂದು ಹೆಸರು ಬರೆಯುತ್ತಿದ್ದಾರೋ ಎಂದು ತಿಳಿಯುವ ಮೊದಲೇ ಧೂಳೆದ್ದಿತು.

"ಅಂದಾನಪ್ನೋರೆ?" ಎನ್ನುತ್ತಿದ್ದಳು ಮೇಧಾ. "ಕೇಳ್ತಾ ಉಂಟಾ? ಪ್ಯಾಂಟು ಎಲ್ಲಿದೆ?"